ನಕ್ಷೆಯಲ್ಲಿ ನಾನಿಟ್ಟ ಗುರುತು

'ನೀವು ತಲುಪಬೇಕಾದ ಸ್ಥಳ ಬಂದಿದೆ' ಎಂದು ಫೋನು ಹೇಳಿದಾಗ ನಾವು ಹಿಪ್ಪುನೇರಳೆ ತೋಟಗಳ ನಡುವೆ ನಿಂತಿದ್ದೆವು. ಅಲ್ಲಿ ಮನೆ ಇರಲಿಲ್ಲ. ರಸ್ತೆ ಎನ್ನುವಂಥದ್ದೂ ಇರಲಿಲ್ಲ. ಗಾಡಿಚಕ್ರದ ಎರಡು ಜಾಡು ಮುಂದೆ ಹೋಗಿ, ಮೂರಂತಸ್ತಿನ ಮನೆಯಷ್ಟು ಎತ್ತರದ ಬಂಡೆಯೊಂದರ ಬುಡದಲ್ಲಿ ಮುಗಿದುಹೋಗಿದ್ದವು. ಹಿಂದೆ ಸಿಂದಗಿಯಿಂದ ಬಂದ ಟೆಂಪೊ. ಅದರೊಳಗೆ ನಮ್ಮ ಮಂಚ, ಪಾತ್ರೆಪಗಡೆ, ಜೋಳದ ಚೀಲ. ಡ್ರೈವರ್ ಕೆಳಗಿಳಿದು ಬಂಡೆಯನ್ನೊಮ್ಮೆ ನೋಡಿದ, ನಮ್ಮನ್ನೊಮ್ಮೆ ನೋಡಿದ. ನನ್ನ ಗಂಡ ಫೋನನ್ನು ಆ ಕಡೆ ಈ ಕಡೆ ತಿರುಗಿಸುತ್ತಿದ್ದರು. ಬಂಡೆಯ ಹಿಂದಿನಿಂದ ಆಡುಗಳು ಒಂದೊಂದಾಗಿ ಇಳಿದು ಬಂದವು. ಅವುಗಳ ಹಿಂದೆ ತಲೆಗೆ ಟವೆಲು ಸುತ್ತಿಕೊಂಡ ಒಬ್ಬ ಹೆಂಗಸು.

"ಯಾರ್ ಮನೆಗವ್ವ ಬಂದಿರೋದು?" ಎಂದು ಕೇಳಿದಳು.

"ಚಿಕ್ಕಣ್ಣಾರ ಮನಿ ಹುಡುಕಾಕತ್ತೀವ್ರಿ. ಎಲ್ಲಿ ಐತ್ರಿ?" ಎಂದೆ.

ಅವಳು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. "ನನ್ಯಾಕವ್ವ ರೀ ಅಂತೀಯೆ, ನಾನೇನ್ ನಿನ್ ಗಂಡ್ನಾ? ಬನ್ನಿ, ಒಸಿ ಹಿಂದ್ಕೋಗ್ಬೇಕು."

ನಮ್ಮ ಕಡೆ ಕಂಡಕ್ಟರಿಗೂ ರೀ, ಕಲೆಕ್ಟರಿಗೂ ರೀ. ಇಲ್ಲಿ ಅದು ಹೆಂಡತಿಯಾದವಳು ಗಂಡನನ್ನು ಕೂಗುವ ಮಾತು. 'ಒಸಿ' ಎಂದರೆ ಏನೆಂದು ನನಗೆ ತಿಳಿಯಲಿಲ್ಲ. ಟೆಂಪೊ ಹಿಂದೆ ತಿರುಗುವಷ್ಟರಲ್ಲಿ ಫೋನಿನಲ್ಲಿ ಹುಡುಕಿದೆ. ಸ್ವಲ್ಪ ಎಂದರ್ಥವಂತೆ. ಕನ್ನಡ ಮಾತಾಡುತ್ತಲೇ ಬೆಳೆದವಳು ಕನ್ನಡದ ಶಬ್ದಕ್ಕೆ ಅರ್ಥ ಹುಡುಕಬೇಕಾಗಿ ಬಂದಾಗ, ನಾನು ಎಷ್ಟು ದೂರ ಬಂದಿದ್ದೇನೆ ಎಂಬುದು ಮೊದಲ ಬಾರಿಗೆ ಮನಸ್ಸಿಗೆ ತಟ್ಟಿತು. ಆಡುಗಳು ಮುಂದೆ, ಆ ಹೆಂಗಸು ಅವುಗಳ ಹಿಂದೆ, ಅವಳ ಹಿಂದೆ ನಮ್ಮ ಸಂಸಾರ ಹೊತ್ತ ಟೆಂಪೊ. ಹೀಗೆ ಕನಕಪುರ ತಾಲ್ಲೂಕಿನ ಆ ಹಳ್ಳಿಯನ್ನು ನಾವು ಸೇರಿದೆವು. ಅವಳ ಹೆಸರು ಗೌರಮ್ಮ. ನಾವು ಬಾಡಿಗೆಗೆ ಹಿಡಿದಿದ್ದ ಚಿಕ್ಕಣ್ಣನವರ ಮನೆಯ ಪಕ್ಕದ ಹೆಂಚಿನ ಮನೆ ಅವಳದು.

ಊರಿನ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಕಾರಣ ಮುಂದೆ ನಿಮಗೇ ತಿಳಿಯುತ್ತದೆ.

ಗಂಡನಿಗೆ ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿತ್ತು. ಮನೆಯನ್ನು ಬಾಡಿಗೆ ಮನೆಗಳ ವೆಬ್‌ಸೈಟಿನಲ್ಲಿ ಫೋಟೊ ನೋಡಿಯೇ ಗೊತ್ತುಮಾಡಿದ್ದೆವು. ಫೋಟೊದಲ್ಲಿ ಅಡುಗೆಮನೆ, ಬಚ್ಚಲು, ತುಳಸಿಕಟ್ಟೆ ಎಲ್ಲ ಇದ್ದವು. ಬಂಡೆಗಳು ಮಾತ್ರ ಇರಲಿಲ್ಲ. ಸಿಂದಗಿಯ ಕಡೆ ಮನೆಯ ಮಾಳಿಗೆ ಹತ್ತಿದರೆ ಆಕಾಶ ನೆಲಕ್ಕೆ ತಾಗುವಲ್ಲಿಯವರೆಗೂ ಕಪ್ಪು ನೆಲ. ಬಸ್ಸು ಬರುವುದು ಎಷ್ಟೋ ಹೊತ್ತಿನ ಮೊದಲೇ ಧೂಳಿನಿಂದ ಗೊತ್ತಾಗುತ್ತದೆ. ಇಲ್ಲಿ ಕಿಟಕಿ ತೆಗೆದರೆ ಬಂಡೆ, ಹಿತ್ತಲ ಬಾಗಿಲು ತೆಗೆದರೆ ಬಂಡೆ. ಯಾರೋ ಬೆನ್ನ ಹಿಂದೆ ನಿಂತು ನಾನು ಮಾಡುವುದನ್ನೆಲ್ಲ ನೋಡುತ್ತಿದ್ದಾರೆ ಎಂದು ಅನ್ನಿಸುತ್ತಿತ್ತು. ಊಟದ ಮಾತು ಕೇಳಬೇಡಿ. ನನ್ನ ಜೋಳದ ರೊಟ್ಟಿ ಬಡಿಯುವ ಸಪ್ಪಳಕ್ಕೆ ಓಣಿಯ ಹೆಂಗಸರು ಬಾಗಿಲಿಗೆ ಬಂದು ನಿಂತರು. ಅವರು ಕೊಟ್ಟ ರಾಗಿಮುದ್ದೆಯನ್ನು ನಾನು ಜಗಿದು ತಿಂದದ್ದಕ್ಕೆ ಅವರಿಗೆ ನನ್ನ ಮೇಲೆ ಕರುಣೆ ಹುಟ್ಟಿತು. ಮುದ್ದೆಯನ್ನು ನುಂಗಬೇಕಂತೆ. ವಿಡಿಯೊ ನೋಡಿ ನಾನೇ ಮುದ್ದೆ ಕೂಡಿಸಲು ಹೋದೆ, ಬರಿ ಗಂಟು. ಗೌರಮ್ಮ ಬಂದು ಪಾತ್ರೆಯನ್ನು ಎರಡು ಕಾಲಿನಿಂದ ಅದುಮಿ ಹಿಡಿದು ಕೋಲಿನಿಂದ ತಿರುವಿ ತೋರಿಸಿದಳು. ಇಷ್ಟಾದ ಮೇಲೂ ನನಗೆ ವಿಡಿಯೊ ಮೇಲೇ ನಂಬಿಕೆ ಹೆಚ್ಚು. ವಿಡಿಯೊ ನನ್ನ ಮಾತು ಕೇಳಿ ನಗುತ್ತಿರಲಿಲ್ಲ.

ಗಂಡನ ಶಿಫ್ಟು ವಾರಕ್ಕೊಮ್ಮೆ ಬದಲಾಗುತ್ತಿತ್ತು. ಮನೆಯಲ್ಲಿ ಎಚ್ಚರವಾಗಿರುವವಳು ನಾನೊಬ್ಬಳೇ ಎಂಬಂಥ ಮಧ್ಯಾಹ್ನಗಳೇ ಜಾಸ್ತಿ. ಊರಲ್ಲಿ ನಾನು ಹೈಸ್ಕೂಲಿನ ಗಣಿತದ ಶಿಕ್ಷಕಿಯಾಗಿದ್ದೆ. ಇಲ್ಲಿ ಆನ್‌ಲೈನ್ ಪಾಠದ ವೆಬ್‌ಸೈಟಿನಲ್ಲಿ ಹೆಸರು ಬರೆಸಿ, ನೋಡದ ಊರುಗಳ ನೋಡದ ಮಕ್ಕಳಿಗೆ ಬೀಜಗಣಿತ ಹೇಳಿಕೊಡುತ್ತಿದ್ದೆ. ಉಳಿದದ್ದೆಲ್ಲವೂ ಫೋನಿನಲ್ಲೇ. ಗ್ಯಾಸು, ಕರೆಂಟ್ ಬಿಲ್ಲು, ಕನಕಪುರದ ಬಸ್ಸಿನ ವೇಳೆ, ಆಸ್ಪತ್ರೆಯ ಟೋಕನ್ನು. ಹಳೆಯ ಪುಸ್ತಕಗಳನ್ನು ಬಿಟ್ಟಿಯಾಗಿ ಓದಲು ಸಿಗುವ ಒಂದು ತಾಣ ಸಿಕ್ಕಿತು. ನನ್ನಂತೆಯೇ ನಿದ್ದೆ ಬಾರದ ಯಾರ ಜೊತೆಗೋ ಚದುರಂಗ ಆಡಲು ಇನ್ನೊಂದು. ಜೋಳದ ಹಿಟ್ಟು, ಶೇಂಗಾ ಚಟ್ನಿಪುಡಿ ಕೂಡ ವಿಜಯಪುರದಿಂದ ಪಾರ್ಸಲ್ ಬರುತ್ತಿದ್ದವು. ಗೌರಮ್ಮ ಬೆಳಿಗ್ಗೆ ಹೊಲದಿಂದ ಅಣ್ಣೆಸೊಪ್ಪು ಕಿತ್ತು ತಂದು ಬಾಗಿಲಲ್ಲಿ ನಿಂತರೆ, ಒಳಗೆ ನಾನು ಆ್ಯಪಿನಲ್ಲಿ ತರಿಸಿದ ಪಾಲಕ್ ಇರುತ್ತಿತ್ತು. ಅವಳ ಸೊಪ್ಪನ್ನೂ ಇಸಿದುಕೊಳ್ಳುತ್ತಿದ್ದೆ. ಎಷ್ಟೋ ಸಲ ಅದು ಬಾಡಿಹೋಗುತ್ತಿತ್ತು. ಅವಳ ಕಣ್ಣಿಗೆ ಬೀಳದಂತೆ ಕಾಗದದಲ್ಲಿ ಸುತ್ತಿ ಹೊರಗೆ ಹಾಕುತ್ತಿದ್ದೆ.

ಪಾರ್ಸಲ್ ತರುವವರೆಲ್ಲ ನಮ್ಮಂತೆಯೇ ಹಿಪ್ಪುನೇರಳೆ ತೋಟದಲ್ಲಿ ದಾರಿ ತಪ್ಪಿ ಫೋನು ಮಾಡುತ್ತಿದ್ದರು. ನಕ್ಷೆಯಲ್ಲಿ ನಮ್ಮ ಓಣಿ ತಪ್ಪು ಜಾಗದಲ್ಲಿತ್ತು. ತಪ್ಪಿದ್ದರೆ ಯಾರು ಬೇಕಾದರೂ ತಿದ್ದಬಹುದು ಎಂದು ನಕ್ಷೆಯ ಆ್ಯಪಿನಲ್ಲಿ ಬರೆದಿತ್ತು. ತಿದ್ದಿದೆ. ಕೆಲವು ದಿನಗಳಲ್ಲಿ ಒಪ್ಪಿಗೆ ಬಂತು. ಮುಂದಿನ ಪಾರ್ಸಲ್ ನೇರ ಬಾಗಿಲಿಗೇ ಬಂತು. ಅದು ಈ ಊರಿನಲ್ಲಿ ನಾನು ಗೆದ್ದ ಮೊದಲ ಗೆಲುವು. ಆಮೇಲೆ ಹಿಟ್ಟಿನ ಗಿರಣಿ ಸೇರಿಸಿದೆ, ಹಾಲಿನ ಡೇರಿ, ಟೈಲರ್ ಅಂಗಡಿ, ರೇಷ್ಮೆಗೂಡು ಹೊತ್ತ ಗಾಡಿಗಳು ರಾಮನಗರದ ಮಾರುಕಟ್ಟೆಗೆ ಹೊರಡುವ ಜಾಗ. ನಾನು ಹಾಕಿದ ಫೋಟೊಗಳನ್ನು ಇಷ್ಟು ಮಂದಿ ನೋಡಿದರು ಎಂದು ಆ್ಯಪು ಆಗಾಗ ಅಭಿನಂದಿಸುತ್ತಿತ್ತು. ನಕ್ಷತ್ರ ಕೊಡುತ್ತಿತ್ತು. ದಿನವಿಡೀ ನನ್ನ ಮಾತಿಗೆ ನಗುವವರೇ ಇದ್ದ ಕಡೆ, ಒಂದು ಯಂತ್ರವಾದರೂ ಮೆಚ್ಚಿತಲ್ಲ ಎಂದು ನಾನು ಹಿಗ್ಗುತ್ತಿದ್ದೆ. ನಗಬೇಡಿ. ಒಂಟಿತನ ಮನುಷ್ಯರನ್ನು ಎಂಥೆಂಥ ಬಾಗಿಲು ಬಡಿಯುವಂತೆ ಮಾಡುತ್ತದೆಂದು ಊರು ಬಿಟ್ಟವರಿಗಷ್ಟೇ ಗೊತ್ತು.

ಗೌರಮ್ಮನಿಗೆ ನನ್ನ ಫೋನಿನ ಉಪಯೋಗ ಮೆಲ್ಲಗೆ ತಿಳಿಯಿತು. ಪಿಂಚಣಿ ಬಂತೋ ಇಲ್ಲವೋ ನೋಡಿಕೊಡುವುದು, ಪಹಣಿ ತೆಗೆದುಕೊಡುವುದು, ಬಿಡದಿಯಲ್ಲಿ ಕೆಲಸಕ್ಕಿರುವ ಮಗನಿಗೆ ವಿಡಿಯೊ ಕಾಲ್ ಹಚ್ಚಿಕೊಡುವುದು. ಮಧ್ಯಾಹ್ನ ಬಂದು ಜಗಲಿಯಲ್ಲಿ ಕೂತು, ತಪ್ಪಿಹೋದ ಧಾರಾವಾಹಿಯನ್ನು ನನ್ನ ಫೋನಿನಲ್ಲಿ ನೋಡುತ್ತಿದ್ದಳು. ಅತ್ತೆ ಪಾತ್ರದವಳನ್ನು ಜೋರಾಗಿಯೇ ಬಯ್ಯುತ್ತಿದ್ದಳು. ಯಾವಾಗಿನಿಂದಲೋ ನನ್ನನ್ನು 'ಮಗ' ಎಂದು ಕರೆಯತೊಡಗಿದಳು. ಇಲ್ಲಿ ಹೆಣ್ಣುಮಕ್ಕಳನ್ನೂ ಮಗ ಎಂದೇ ಕರೆಯುತ್ತಾರೆ. ಊರಲ್ಲಿ ನನ್ನ ಅಕ್ಕ ಇದನ್ನೆಲ್ಲ ಫೋನಿನಲ್ಲಿ ಕೇಳಿ, "ಅಲ್ಲಿಯವ್ರ ಕೆಲಸ ಎಲ್ಲಾ ಮಾಡಿಕೊಡ್ತಿ. ನಾ ಇಲ್ಲಿ ಬ್ಯಾಂಕಿನಾಗ ಪಾಳೆ ಹಚ್ಚಿ ನಿಂತೀನಿ" ಎಂದು ನಗುತ್ತಲೇ ಚುಚ್ಚುತ್ತಿದ್ದಳು. ಮುಂದಿನ ವಾರ ನಿನಗೂ ಕಲಿಸುತ್ತೇನೆ ಎನ್ನುತ್ತಿದ್ದೆ. ಆ ಮುಂದಿನ ವಾರ ಬರುತ್ತಲೇ ಇರಲಿಲ್ಲ.

ದೀಪಾವಳಿಗೆ ಊರಿಗೆ ಹೋಗಲಾಗಲಿಲ್ಲ. ಗಂಡನಿಗೆ ರಜೆ ಸಿಗಲಿಲ್ಲ. ಹಬ್ಬದ ಮಾರನೆಯ ದಿನ ನನ್ನ ಮುಖ ನೋಡಿ ಗೌರಮ್ಮ ಆಡುಗಳ ಜೊತೆ ಬಾ ಎಂದು ಕರೆದುಕೊಂಡು ಹೋದಳು. ಮೊದಲ ದಿನ ನಮ್ಮ ದಾರಿ ಮುಗಿದಿತ್ತಲ್ಲ, ಅದೇ ಬಂಡೆಯ ಪಕ್ಕದಿಂದ ಮುಳ್ಳುಕಂಟಿಯೊಳಗೆ ಕಾಲುದಾರಿಯೊಂದು ಮೇಲಕ್ಕೆ ಹತ್ತುತ್ತದೆ. ತುದಿಯಲ್ಲಿ ದೊಣೆ. ಬಂಡೆಯ ತಗ್ಗಿನಲ್ಲಿ ಮಳೆನೀರು ನಿಂತು ತಾನಾಗಿಯೇ ಆದ ಕೊಳಕ್ಕೆ ಇಲ್ಲಿ ಹಾಗೆನ್ನುತ್ತಾರೆ. ನೀರು ತಿಳಿಯಾಗಿತ್ತು, ತಳದ ಕಲ್ಲಿನ ಬಿಳಿ ಗೆರೆಗಳು ಕಾಣುತ್ತಿದ್ದವು. ಆಡುಗಳು ಮೊಣಕಾಲು ಮಡಚಿ ನೀರು ಕುಡಿದವು.

"ಬ್ಯಾಸ್ಗೇಲೂ ಬತ್ತಾಕಿಲ್ಲ. ಊರೋರೂ ಇಲ್ಲಿಗಂಟ ಬರಾಕಿಲ್ಲ. ನಾನು, ನನ್ ಆಡು, ಅಷ್ಟೇಯ" ಎಂದಳು ಗೌರಮ್ಮ. ಆಮೇಲೆ ನನ್ನ ಭುಜ ಹಿಡಿದು ಇನ್ನೊಂದು ದಿಕ್ಕಿಗೆ ತಿರುಗಿಸಿದಳು.

ಆ ಕಡೆ ಬಂಡೆಗಳೆಲ್ಲ ಕೆಳಗೆ ಉಳಿದಿದ್ದವು. ಕಣ್ಣು ಹಾಯಿಸಿದಷ್ಟು ದೂರ ಬಯಲು. ನೆಲ ಕೆಂಪು, ಅಲ್ಲಲ್ಲಿ ತೆಂಗು. ಆದರೂ ಆಕಾಶ ನೆಲಕ್ಕೆ ತಾಗುವುದು ಕಾಣುತ್ತಿತ್ತು. ಬಂದಾಗಿನಿಂದ ಅದನ್ನು ನಾನು ನೋಡಿರಲಿಲ್ಲ. ನಾನು ಅತ್ತುಬಿಟ್ಟೆ. ಗೌರಮ್ಮ ಆಡುಗಳ ಕಡೆ ಮುಖ ಮಾಡಿ ಕೂತು, ನಾನು ಅತ್ತು ಮುಗಿಸುವ ತನಕ ಎಲೆ ಅಡಿಕೆ ಜಗಿದಳು.

ಮನೆಗೆ ಬಂದು, ಅಲ್ಲಿ ತೆಗೆದುಕೊಂಡಿದ್ದ ದೊಣೆಯ ಫೋಟೊವನ್ನು ನಕ್ಷೆಗೆ ಸೇರಿಸಿದೆ. ಯಾಕೆ ಎಂದು ನನ್ನನ್ನು ನಾನೇ ಎಷ್ಟೋ ಬಾರಿ ಕೇಳಿಕೊಂಡಿದ್ದೇನೆ. ನಕ್ಷತ್ರಗಳ ಆಸೆ ಇತ್ತು, ಸುಳ್ಳು ಹೇಳುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ನನಗೂ ಇಲ್ಲಿ ಏನೋ ಒಂದು ಇದೆ ಎಂದು ಯಾರಿಗಾದರೂ ಹೇಳಬೇಕಾಗಿತ್ತು. ಹತ್ತುವ ದಾರಿ ಎಲ್ಲಿ ಶುರುವಾಗುತ್ತದೆ ಎಂಬುದನ್ನೂ ಅಚ್ಚುಕಟ್ಟಾಗಿ ಗುರುತಿಸಿದೆ. ಜಾಗದ ಹೆಸರು ಕೇಳಿದಲ್ಲಿ 'ನಮ್ಮೂರಿನ ದೊಣೆ' ಎಂದು ಬರೆದೆ. ಈ ಹಳ್ಳಿಯನ್ನು ನಾನು ನಮ್ಮೂರು ಎಂದದ್ದು ಅದೇ ಮೊದಲು.

ಮೊದಲು ಬೆಂಗಳೂರಿನ ಕಡೆಯಿಂದ ಬೈಕುಗಳು ಬಂದವು. ಅವರು ನನ್ನನ್ನೇ ದಾರಿ ಕೇಳಿದರು. ನಾನು ಹೆಮ್ಮೆಯಿಂದಲೇ ತೋರಿಸಿದೆ. ಆಮೇಲೆ ಕಾರುಗಳು. ಸಂಕ್ರಾಂತಿ ಕಳೆಯುವ ಹೊತ್ತಿಗೆ ಭಾನುವಾರ ಬಂತೆಂದರೆ ಓಣಿಯಲ್ಲಿ ಎತ್ತಿನಗಾಡಿ ಹೋಗಲು ಜಾಗವಿಲ್ಲ. ಟೆಂಟು ಹಾಕುವವರು, ಬಾಟಲಿ ಒಡೆಯುವವರು, ಸ್ಪೀಕರ್ ಹಚ್ಚಿ ಕುಣಿಯುವವರು. ದೊಣೆಯಲ್ಲಿ ಸೋಪು ಹಚ್ಚಿಕೊಂಡು ಮಿಂದರು. ನೀರಿನ ಮೇಲೆ ಬಣ್ಣಬಣ್ಣದ ಪಸೆ ಕಟ್ಟಿತು. ಆಡುಗಳು ಮೂಸಿ ನೋಡಿ ಹಿಂದೆ ಸರಿದವು. ಒಡೆದ ಬಾಟಲಿ ಚುಚ್ಚಿ ಒಂದು ಆಡಿನ ಗೊರಸು ಕೀವು ಕಟ್ಟಿತು. ಆ ಆಡಿನ ಕಾಲಿಗೆ ಬಟ್ಟೆ ಸುತ್ತುತ್ತ ಗೌರಮ್ಮ ನನ್ನ ಜಗಲಿಯಲ್ಲೇ ಕೂತು, "ಅದೆಂಗ್ ಗೊತ್ತಾಯ್ತೋ ಮಗ ಈ ಜನಕ್ಕೆ" ಎಂದಳು.

ನಾನು ಆಡಿನ ಕಾಲು ಹಿಡಿದುಕೊಂಡಿದ್ದೆ.

ಆ ಸಂಜೆಯೇ ಫೋಟೊ ಅಳಿಸಿದೆ. ಆದರೆ ಅಷ್ಟರಲ್ಲಿ ಬೇರೆಯವರು ಹಾಕಿದ ಫೋಟೊಗಳು ಬೇಕಾದಷ್ಟಿದ್ದವು. ಈ ಜಾಗವನ್ನು ತೆಗೆದುಹಾಕಿ ಎಂದು ಕೋರಿಕೆ ಕಳಿಸಿದೆ. ಸ್ಥಳ ಅಸ್ತಿತ್ವದಲ್ಲಿದೆ ಎಂದು ಸಂದರ್ಶಕರು ಖಚಿತಪಡಿಸಿದ್ದಾರೆ ಎಂಬ ಉತ್ತರ ಬಂತು. ಅಪಾಯಕಾರಿ ಜಾಗ ಎಂದು ಬರೆದೆ. ಅದನ್ನು ಓದಿ ಇನ್ನಷ್ಟು ಹುಡುಗರು ಬಂದರು. ನೀರು ಬತ್ತಿದೆ ಎಂದು ಸುಳ್ಳು ಬರೆದೆ. ಮಾರನೆಯ ದಿನವೇ ಯಾರೋ ತುಂಬಿದ ನೀರಿನ ಫೋಟೊ ಹಾಕಿ ನನ್ನನ್ನು ಸುಳ್ಳುಗಾತಿ ಮಾಡಿದರು. ಓಣಿಯ ತಪ್ಪು ತಿದ್ದುವಾಗ ಅಷ್ಟು ಸಲೀಸಾಗಿ ನನ್ನ ಮಾತು ಕೇಳಿದ್ದ ನಕ್ಷೆ ಈಗ ಕಿವಿಗೇ ಹಾಕಿಕೊಳ್ಳಲಿಲ್ಲ. ಗಂಡ ಸಮಾಧಾನ ಹೇಳಿದರು. ನೀನಲ್ಲದಿದ್ದರೆ ನಾಳೆ ಇನ್ನೊಬ್ಬರು ಹಾಕುತ್ತಿದ್ದರು, ಸುಮ್ಮನಿರು ಎಂದರು. ಇರಬಹುದು. ಆದರೆ ಇನ್ನೊಬ್ಬರನ್ನು ಗೌರಮ್ಮ ಕರೆದುಕೊಂಡು ಹೋಗಿರಲಿಲ್ಲ.

ಬೇಸಿಗೆಯ ಆರಂಭದಲ್ಲಿ ಕಾಲೇಜು ಹುಡುಗನೊಬ್ಬ ಜಾರಿ ಬಿದ್ದು ಕಾಲು ಮುರಿದುಕೊಂಡ. ಊರವರು ಸೇರಿ ಅವನನ್ನು ಕಂಬಳಿಯಲ್ಲಿ ಹೊತ್ತು ಇಳಿಸಿದರು. ಆಮೇಲೆ ಇನ್ನು ಸಾಕು ಎಂದು ಪಂಚಾಯ್ತಿ ಮಾಡಿ, ಕಾಲುದಾರಿಯ ಬಾಯಿಗೆ ಕಲ್ಲುಕಂಬ ನೆಟ್ಟು ಮುಳ್ಳುತಂತಿ ಬಿಗಿದರು. ಜನಕ್ಕೆ ಹಾಕಿದ ಬೇಲಿ ಆಡುಗಳಿಗೂ ಬೇಲಿಯೇ. ಸುತ್ತಲ ಕಟ್ಟೆಗಳು ಒಣಗಿದ್ದವು. ಮನೆಯ ನಲ್ಲಿಯ ನೀರಿನಲ್ಲಿ ಮಂದೆ ಸಾಕಲು ಆಗದೆ, ಗೌರಮ್ಮ ಎರಡು ಆಡು ಉಳಿಸಿಕೊಂಡು ಮಿಕ್ಕವನ್ನು ಸಂತೆಗೆ ಕಳಿಸಿದಳು. ಟೆಂಪೊಗೆ ಹತ್ತಿಸುವಾಗ ಒಂದೊಂದನ್ನೂ ಹೆಸರು ಹಿಡಿದು ಕರೆದಳು. ನಾನು ಒಳಗೆ ಬೀಜಗಣಿತ ಹೇಳಿಕೊಡುತ್ತಿದ್ದೆ. ಎರಡು ಬಾರಿ ಲೆಕ್ಕ ತಪ್ಪಿದೆ. ಪರದೆಯ ಆ ಕಡೆಯ ಮಗು ತಿದ್ದಿತು.

ಮರುದಿನ ಬೆಳಿಗ್ಗೆ ಗೌರಮ್ಮನ ಮನೆಗೆ ಹೋದೆ. ಅವಳು ಜಗಲಿಯಲ್ಲಿ ಹುರುಳಿ ಕೇರುತ್ತಿದ್ದಳು. ಕೂತೆ. ದೊಣೆಯ ವಿಷಯ ಜನರಿಗೆ ಗೊತ್ತಾದದ್ದು ನನ್ನಿಂದಲೇ, ಫೋನಿನ ನಕ್ಷೆಗೆ ಅದನ್ನು ಹಾಕಿದವಳು ನಾನೇ ಎಂದೆ. ನಕ್ಷೆ ಎಂದರೇನು, ಅದನ್ನು ನೋಡಿ ಜನ ಹೇಗೆ ಬರುತ್ತಾರೆ ಎಂಬುದನ್ನೂ ವಿವರಿಸಿದೆ. ಮಾತು ಮುಗಿಯುವ ತನಕ ಅವಳ ಕೈಯ ಮೊರ ನಿಲ್ಲಲಿಲ್ಲ. ಆಮೇಲೆ ನಿಂತಿತು.

"ಏನಂತ ಬರ್ದಿದ್ದೆ?"

"ನಮ್ಮೂರಿನ ದೊಣೆ ಅಂತ."

ಅವಳು ಮೊರದೊಳಗಿನ ಒಂದು ಕಲ್ಲನ್ನು ಆರಿಸಿ ಅಂಗಳಕ್ಕೆ ಎಸೆದಳು. "ನಿಮ್ಮೂರಲ್ಲಿ ಇಂಥದ್ ಇದ್ದಿದ್ರೆ ಹಾಕ್ತಿದ್ಯಾ?" ಎಂದಳು.

ಸಿಂದಗಿಯ ನಮ್ಮ ಹೊಲದ ಬಾವಿ ಕಣ್ಣ ಮುಂದೆ ಬಂತು. ಮೆಟ್ಟಿಲುಗಳ ಪಕ್ಕದಲ್ಲಿ ಗುಬ್ಬಿಗಳು ಗೂಡು ಕಟ್ಟುವ ಪೊಟರೆಗಳಿರುವ ಬಾವಿ. ಅದರ ಫೋಟೊ ನನ್ನ ಫೋನಿನಲ್ಲಿ ಎಷ್ಟೋ ಇವೆ. ಒಂದನ್ನಾದರೂ ಎಲ್ಲಿಗಾದರೂ ಹಾಕಬೇಕೆಂದು ನನಗೆ ಒಮ್ಮೆಯೂ ಹೊಳೆದಿರಲಿಲ್ಲ.

ಗೌರಮ್ಮ ಮತ್ತೆ ಕೇರತೊಡಗಿದಳು. ನಾನು ಎದ್ದು ಬಂದೆ.

ಅವಳು ಜಗಳವಾಡಲಿಲ್ಲ, ಓಣಿಯಲ್ಲಿ ಯಾರಿಗೂ ಹೇಳಲೂ ಇಲ್ಲ. ಧಾರಾವಾಹಿ ನೋಡಲು ಬರುವುದನ್ನು ನಿಲ್ಲಿಸಿದಳು, ಅಷ್ಟೇ. ಎರಡು ಆಡುಗಳನ್ನು ಹೊಡೆದುಕೊಂಡು ಎಲ್ಲಿಗೋ ಹೋಗಿ ಬರುತ್ತಿದ್ದಳು. ಕೆಲವು ವಾರಗಳಾದ ಮೇಲೆ ಒಂದು ಸಂಜೆ ನಮ್ಮ ಬಾಗಿಲಿಗೆ ಬಂದಳು. ಬೇಲಿ ಹಾಕಿದ್ದರೂ ಭಾನುವಾರದ ಜನ ನಿಂತಿರಲಿಲ್ಲ. ಬಂಡೆಯ ಬುಡದಲ್ಲೇ ನಿಂತು ಫೋಟೊ ತೆಗೆದುಕೊಂಡು ಹೋಗುತ್ತಿದ್ದರು. ಅವರಿಗೆ ಮಜ್ಜಿಗೆ, ಸೌತೆಕಾಯಿ ಮಾರಲು ಅವಳು ಗರಿಯ ಚಪ್ಪರವೊಂದನ್ನು ಹಾಕಿಕೊಂಡಿದ್ದಳು.

"ನನ್ ಅಂಗ್ಡೀನೂ ಒಸಿ ಅದ್ರೊಳಕ್ಕೆ ಹಾಕ್ಕೊಡಿ ಮೇಡಂ" ಎಂದಳು.

ಹಾಕಿಕೊಟ್ಟೆ. ಮಜ್ಜಿಗೆಯ ಮಡಕೆಯ ಪಕ್ಕ ಅವಳನ್ನು ನಿಲ್ಲಿಸಿ ಫೋಟೊ ತೆಗೆದೆ. ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ. ಅವಳು ಒಂದು ಕೆಲಸ ಹೇಳಿದಳು, ನಾನು ಮಾಡಿಕೊಟ್ಟೆ, ಅವಳು ಹೋದಳು. ಮೇಡಂ ಎಂಬ ಮಾತು ಬಾಗಿಲಲ್ಲೇ ಉಳಿಯಿತು.

ಮೇ ತಿಂಗಳಲ್ಲಿ ಊರಿಗೆ ಹೋದೆ. ಸಿಂದಗಿಯ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಬಿಸಿಲಿನ ವಾಸನೆಗೇ ಕಣ್ಣು ತುಂಬಿದವು. ಅಕ್ಕನ ಫೋನಿಗೆ ಬೇಕಾದುದನ್ನೆಲ್ಲ ಹಾಕಿ, ಒಂದೊಂದನ್ನೂ ಅವಳ ಕೈಯಲ್ಲೇ ಮಾಡಿಸಿ ಕಲಿಸಿದೆ. ಕರೆಂಟ್ ಬಿಲ್ಲನ್ನು ಮೊದಲ ಸಲ ಕೂತಲ್ಲಿಂದಲೇ ಕಟ್ಟಿದಾಗ ಅವಳು ಮಕ್ಕಳಂತೆ ಚಪ್ಪಾಳೆ ತಟ್ಟಿದಳು. ಆ ಖುಷಿಯಲ್ಲೇ, ಪಾರ್ಸಲ್ ಬರುವ ಹಾಗೆ ನಮ್ಮ ಮನೆಯನ್ನೂ ಹೊಲವನ್ನೂ ನಕ್ಷೆಗೆ ಸೇರಿಸು ಎಂದಳು. ಮನೆ ಸೇರಿಸಿದೆ. ಹೊಲ ಬೇಡ ಅಕ್ಕಾ ಎಂದೆ. ಯಾಕೆಂದು ಕೇಳಿದಳು. ಹೇಳಲು ಹೊರಟರೆ ಗೌರಮ್ಮನಿಂದ ಶುರುಮಾಡಬೇಕಿತ್ತು.

"ಒಸಿ ಯೋಚ್ನೆ ಮಾಡಿ ಹೇಳ್ತೀನಿ" ಎಂದುಬಿಟ್ಟೆ.

ಅಕ್ಕ ನನ್ನ ಮುಖ ನೋಡಿದಳು. "ಏನಂದಿ? ಒಸಿ?" ಎಂದು ನಕ್ಕಳು. ನಗು ಮುಗಿದ ಮೇಲೆ, "ನೀ ಅಲ್ಲಿಯಾಕಿನೇ ಆದಿ ಬಿಡು" ಎಂದು ಒಲೆಯ ಕಡೆ ತಿರುಗಿಕೊಂಡಳು. ಅವಳು ಇಷ್ಟು ದಿನ ಕಾದದ್ದು ಇಂಥ ತಂಗಿಗಾಗಿಯಲ್ಲ ಎಂದು ಬೆನ್ನೇ ಹೇಳುವಂತಿತ್ತು.

ಮರಳಿ ಬಂದದ್ದು ಒಂದು ಭಾನುವಾರ. ಬಸ್ಸಿಳಿದು ಚೀಲ ಹೊತ್ತು ಬರುವಾಗ ಬಂಡೆಯ ಬುಡದಲ್ಲಿ ಜನ ಇತ್ತು. ಗೌರಮ್ಮ ಚಪ್ಪರದ ಕೆಳಗೆ ಮಜ್ಜಿಗೆ ಬಗ್ಗಿಸುತ್ತಿದ್ದಳು. ನಾನು ಊರಿಗೆ ಹೊರಡುವ ಮುನ್ನಾ ದಿನ ಅವಳ ಎರಡು ಆಡುಗಳು ಹೋಗುವ ಜಾಗವನ್ನು ಹಿತ್ತಲಿನಿಂದ ಕಂಡಿದ್ದೆ. ಬಂಡೆಯ ಹಿಂಬದಿಯಲ್ಲಿ, ಲಂಟಾನದ ಪೊದೆಯ ಅಡಿಯಲ್ಲಿ ಬಗ್ಗಿ ನುಸುಳಿದರೆ ದೊಣೆಗೆ ಹತ್ತುವ ಇನ್ನೊಂದು ಸಣ್ಣ ದಾರಿ ಇದೆ. ನಾನು ನೋಡುತ್ತಿದ್ದುದು ಅವಳಿಗೂ ಕಂಡಿತ್ತು.

ಕ್ಯಾಮೆರಾ ತೂಗುಹಾಕಿಕೊಂಡ ಯುವಕನೊಬ್ಬ ನನ್ನ ಬಳಿಗೆ ಬಂದ. ಒಳ್ಳೆಯ ಹುಡುಗ; ಚೀಲ ಭಾರವಿದ್ದರೆ ಹಿಡಿಯಲೇ ಎಂದು ಕೇಳಿದ. ಆಮೇಲೆ, ಆಂಟಿ, ನೀವು ಇದೇ ಊರಿನವರಾ, ಮೇಲಿನ ದೊಣೆಗೆ ಬೇರೆ ಯಾವುದಾದರೂ ದಾರಿ ಇದೆಯಾ ಎಂದು ವಿಚಾರಿಸಿದ.

ಗೌರಮ್ಮ ತಲೆ ಎತ್ತಲಿಲ್ಲ. ಲೋಟಕ್ಕೆ ಬೀಳುತ್ತಿದ್ದ ಮಜ್ಜಿಗೆಯ ಧಾರೆ ಮಾತ್ರ ನಿಂತಿತು.

"ಗೊತ್ತಿಲ್ಲಪ್ಪ. ನಾನು ಈ ಊರಿನಾಕಿ ಅಲ್ಲ" ಎಂದೆ.

ನನ್ನ ಮಾತಿನ ಧಾಟಿ ಕೇಳಿ ಅವನು ಕೂಡಲೇ ನಂಬಿದ. ಕ್ಷಮೆ ಕೇಳಿ ಗೆಳೆಯರ ಕಡೆ ಹೋದ. ಗೌರಮ್ಮ ಲೋಟ ತುಂಬಿಸಿ, ಕಾಯುತ್ತಿದ್ದ ಇನ್ನೊಬ್ಬರಿಗೆ ಕೊಟ್ಟಳು. ಮತ್ತೊಂದು ತುಂಬಿಸಿದಳು. ಅದನ್ನು ಹಲಗೆಯ ತುದಿಗೆ, ನನ್ನ ಕೈಗೆ ಎಟುಕುವಲ್ಲಿ ಇಟ್ಟು, ಸೌತೆಕಾಯಿ ಹೆಚ್ಚಲು ಕೂತಳು. ನಾನು ಚೀಲ ಕೆಳಗಿಟ್ಟು, ಬಿಸಿಲಲ್ಲೇ ನಿಂತು ಕುಡಿದೆ.